ಕಪ್ಪು ಡೇರೆ ಮರುಭೂಮಿಯಲ್ಲೂ ತಂಪಾಗಿರುತ್ತದೆಯೇ? ಇಲ್ಲಿದೆ ನಿಜಾಂಶ

“ಅರಬ್ಬರು ಕಪ್ಪು ಡೇರೆಯಲ್ಲಿ ಇರುತ್ತಿದ್ದರು, ಕಪ್ಪು ಬಣ್ಣ ತಂಪು. ನಿಮ್ಮ ತಾರಸಿಗೂ ಕಪ್ಪು ಶೀಟ್ ಹಾಕಿ.” ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದು ನಿಮಿಷ ನಿಲ್ಲಿ. ಕಪ್ಪು ಡೇರೆ ಇದ್ದದ್ದು ನಿಜ, ಆದರೆ ಅದರಿಂದ ತೆಗೆದ ತೀರ್ಮಾನ ತಪ್ಪು.

ಡೇರೆ ಯಾವುದರಿಂದ ಆಗುತ್ತದೆ?

ಅಲೆಮಾರಿ ಬೆದೂಯಿನ್ ಜನರ ಡೇರೆಗೆ ಅರಬ್ಬಿಯಲ್ಲಿ ‘ಬೈತ್ ಅಲ್ ಶಅರ್’, ಅಂದರೆ ‘ಕೂದಲಿನ ಮನೆ’ ಎಂಬ ಹೆಸರಿದೆ. ಇದರ ಬಟ್ಟೆಗೆ ಮುಖ್ಯವಾಗಿ ಬೇಕಾದದ್ದು ಆಡಿನ ಕೂದಲು. ಆ ಕಪ್ಪು ಬಹುಪಾಲು ಆಡುಗಳದ್ದೇ ಬಣ್ಣ. ಹೆಂಗಸರು ಕೂದಲನ್ನು ಕೈಯಲ್ಲೇ ನೂಲುತ್ತಾರೆ. ನೆಲಕ್ಕೆ ಗೂಟ ಹೊಡೆದು ಕಟ್ಟಿದ ಮಗ್ಗದಲ್ಲಿ ಉದ್ದನೆಯ ಪಟ್ಟಿಗಳನ್ನು ನೇಯುತ್ತಾರೆ. ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಹೊಲಿದರೆ ಚಾವಣಿ ಸಿದ್ಧ. ಒಂದು ಪಟ್ಟಿ ಸವೆದರೆ ಅದನ್ನಷ್ಟೇ ಬಿಚ್ಚಿ ಹೊಸದನ್ನು ಸೇರಿಸಬಹುದು.

ಹಾಗಾದರೆ ತಂಪು ಎಲ್ಲಿಂದ?

ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತದೆ, ಡೇರೆಯ ಮೇಲ್ಮೈಯೂ ಕಾಯುತ್ತದೆ. ಆದರೆ ದಪ್ಪ ಬಟ್ಟೆ ಒಳಗೆ ದಟ್ಟ ನೆರಳು ಕೊಡುತ್ತದೆ. ನೇಯ್ಗೆಯ ಸಂದುಗಳಲ್ಲಿ ಬಿಸಿ ಗಾಳಿ ಹೊರಹೋಗುತ್ತದೆ. ಪಕ್ಕದ ಪರದೆ ಎತ್ತಿ ಕಟ್ಟಿದರೆ ತಂಗಾಳಿ ಹಾಯುತ್ತದೆ. ಮಳೆ ಬಿದ್ದಾಗ ಕೂದಲು ಉಬ್ಬಿ ಸಂದುಗಳು ಮುಚ್ಚಿಕೊಳ್ಳುತ್ತವೆ, ನೀರು ಬಹುಪಾಲು ಮೇಲೆಯೇ ಜಾರಿಹೋಗುತ್ತದೆ. ನಮ್ಮ ಕುರಿಗಾಹಿಗಳು ಮಳೆಯಲ್ಲಿ ಕರಿ ಕಂಬಳಿಯ ಕೊಪ್ಪೆ ಹಾಕಿಕೊಳ್ಳುವುದನ್ನು ನೆನಪಿಸಿಕೊಳ್ಳಿ.

1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬೆದೂಯಿನ್ನರ ಕಪ್ಪು ನಿಲುವಂಗಿಯ ಬಗ್ಗೆ ಒಂದು ಅಧ್ಯಯನ ಬಂದಿತ್ತು. ಕಪ್ಪು ಬಟ್ಟೆ ಹೆಚ್ಚು ಕಾದರೂ, ಚರ್ಮಕ್ಕೆ ತಲುಪಿದ ಶಾಖ ಬಿಳಿ ನಿಲುವಂಗಿಯಲ್ಲಿ ಇದ್ದಷ್ಟೇ ಇತ್ತು. ಸಡಿಲ ಬಟ್ಟೆಯೊಳಗಿನ ಗಾಳಿಯಾಟ ಹೆಚ್ಚುವರಿ ಶಾಖವನ್ನು ಹೊರಹಾಕುತ್ತಿತ್ತು. ಕಪ್ಪು ಹೆಚ್ಚು ತಂಪು ಎಂದು ಅದು ಹೇಳಲಿಲ್ಲ.

ಅಪಾಯ ಎಲ್ಲಿದೆ?

ಪ್ಲಾಸ್ಟಿಕ್ ಟಾರ್ಪಾಲಿನ್‌ನಲ್ಲಿ ಗಾಳಿ ಹಾಯುವುದಿಲ್ಲ. ಕಪ್ಪು ಟಾರ್ಪಾಲಿನ್ ಕಾದು ಕೆಳಗಿನವರ ಮೇಲೂ ಶಾಖ ಸೂಸುತ್ತದೆ. ಸುತ್ತ ಮುಚ್ಚಿದ ಇಂಥ ಶೆಡ್ಡಿನಲ್ಲಿ ಮಕ್ಕಳು, ವಯಸ್ಸಾದವರು, ದನಕರು ಬಿಸಿಲಾಘಾತಕ್ಕೆ ಒಳಗಾಗಬಹುದು. ನೆರಳು ಬೇಕಿದ್ದರೆ ತಿಳಿ ಬಣ್ಣದ ಹೊದಿಕೆ ಹಾಕಿ, ಎತ್ತರಕ್ಕೆ ಕಟ್ಟಿ, ಬದಿಗಳನ್ನು ತೆರೆದಿಡಿ.

‘ಸದು’ ಎಂಬ ಈ ನೇಯ್ಗೆಯೇ ಈಗ ಅಪರೂಪವಾಗುತ್ತಿದೆ. 2011ರಲ್ಲಿ ಯುನೆಸ್ಕೊ ಯುಎಇಯ ಸದು ಕಲೆಯನ್ನು ತುರ್ತು ರಕ್ಷಣೆ ಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಆ ಸಂದೇಶ ಕಳಿಸಿದವರಿಗೆ ಇಷ್ಟನ್ನು ತಿಳಿಸಿ: ಡೇರೆಯನ್ನು ವಾಸಯೋಗ್ಯ ಮಾಡಿದ್ದು ಬಣ್ಣವಲ್ಲ, ಆ ಹೆಂಗಸರ ನೇಯ್ಗೆ ಮತ್ತು ಗಾಳಿಗೆ ಬಿಟ್ಟ ದಾರಿ.