ಸುರುಳಿಯನ್ನು ನೀವೇ ಸುತ್ತಿರಿ

ಮಕ್ಕಳೇ, ದಿಕ್ಸೂಚಿಯ ಸೂಜಿ ಉತ್ತರ-ದಕ್ಷಿಣವಾಗಿ ನಿಲ್ಲುತ್ತದೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಭೂಮಿ ಒಂದು ದೊಡ್ಡ ಅಯಸ್ಕಾಂತದಂತೆ ವರ್ತಿಸುವುದೇ ಇದಕ್ಕೆ ಕಾರಣ. ಆದರೆ ಆ ಭೂಕಾಂತದ ಬಲ ಎಷ್ಟು? ಅದನ್ನು ಅಳೆಯುವ ಉಪಕರಣಕ್ಕೆ ಕಾಂತಮಾಪಕ ಎಂದು ಹೆಸರು. ಅದನ್ನು ಕೊಂಡು ತರಬೇಕೆಂದಿಲ್ಲ. ಸರಳವಾದ ಒಂದನ್ನು ಶಾಲೆಯಲ್ಲೇ ಮಾಡಬಹುದು. ಮಾಡಬಹುದು ಎಂದಷ್ಟೇ ಅಲ್ಲ, ಮಾಡಲೇಬೇಕು ಎಂಬುದು ನನ್ನ ಅಭಿಪ್ರಾಯ.

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಯ ಮಕ್ಕಳಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ. ಈ ಕೆಲಸಕ್ಕೆ ಬೇಕಾದ ಕೈಚಳಕ ನಿಮ್ಮ ಸುತ್ತಲೇ ಇದೆ. ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ ಕಂಡಿಕೆ ಸುತ್ತುವುದನ್ನು ಗಮನಿಸಿ. ನೂಲು ಸಡಿಲಾಗಬಾರದು, ಹರಿಯಬಾರದು, ಗಂಟಾಗಬಾರದು. ತಂತಿ ಸುತ್ತುವವರಿಗೂ ಇದೇ ನಿಯಮ. ಇನ್ನು ಕಬ್ಬಿನ ಹೊಲಕ್ಕೆ ನೀರೆತ್ತುವ ಮೋಟಾರು ಸುಟ್ಟರೆ ರೈತರು ಅದನ್ನು ವೈಂಡಿಂಗ್ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಸುತ್ತುಗಳನ್ನು ಎಣಿಸಿ ಹೊಸ ತಾಮ್ರದ ತಂತಿ ಸುತ್ತುತ್ತಾರೆ. ಆ ಕಾಕಾನನ್ನು ಕೇಳಿದರೆ ಸುರುಳಿಯ ವಿಷಯ ಎಷ್ಟೋ ತಿಳಿಯುತ್ತದೆ.

ಈಗ ಉಪಕರಣ ಮಾಡುವ ಬಗೆಯನ್ನು ನೋಡೋಣ. 28 ಗೇಜಿನ, ಮೇಲೆ ವಾರ್ನಿಷ್ ಲೇಪವಿರುವ ತಾಮ್ರದ ತಂತಿ ಸುಮಾರು 26 ಮೀಟರ್ ಬೇಕು. ಸುಟ್ಟ ಮೋಟಾರಿನ ಹಳೆಯ ತಂತಿ ಬೇಡ. ಅದರ ಲೇಪ ಹೋಗಿರುವುದರಿಂದ ಸುತ್ತುಗಳು ಒಂದಕ್ಕೊಂದು ತಗಲಿ, ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ. 16 ಸೆಂಟಿಮೀಟರ್ ಅಗಲದ ದುಂಡನೆಯ ಪ್ಲಾಸ್ಟಿಕ್ ಡಬ್ಬಿಯ ಮೇಲೆ 50 ಸುತ್ತು ಸುತ್ತಿ. ಮೆಲ್ಲನೆ ಜಾರಿಸಿ ತೆಗೆದು ದಾರದಿಂದ ಕಟ್ಟಿ. ಎರಡು ತುದಿಗಳ ಲೇಪವನ್ನು ಉಜ್ಜುಕಾಗದದಿಂದ ತೆಗೆಯಿರಿ. ಈ ಬಳೆಯನ್ನು ಉತ್ತರ-ದಕ್ಷಿಣಕ್ಕೆ ನೇರವಾಗಿ ನಿಲ್ಲಿಸಿ. ಸರಿಯಾಗಿ ಅದರ ನಡುವೆ, ರಟ್ಟಿನ ಹಲಗೆಯ ಮೇಲೆ ಚಿಕ್ಕ ದಿಕ್ಸೂಚಿ ಇಡಿ. ಒಂದೂವರೆ ವೋಲ್ಟಿನ ಒಂದು ಸೆಲ್ಲು ಮತ್ತು ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಗುವ 10 ಓಮಿನ ರೋಧಕವನ್ನು ಸುರುಳಿಗೆ ಸರಣಿಯಾಗಿ ಜೋಡಿಸಿ. ಗೋಡೆಯ ಪ್ಲಗ್ಗಿಗೆ ಮಾತ್ರ ಎಂದಿಗೂ ಜೋಡಿಸಬೇಡಿ. ಅದು ಪ್ರಾಣಕ್ಕೆ ಅಪಾಯ.

ಈಗ ಏನಾಗುತ್ತದೆ? ಭೂಮಿ ಸೂಜಿಯನ್ನು ಉತ್ತರಕ್ಕೆ ಎಳೆಯುತ್ತದೆ. ನಿಮ್ಮ ಸುರುಳಿ ಪೂರ್ವಕ್ಕೋ ಪಶ್ಚಿಮಕ್ಕೋ ಎಳೆಯುತ್ತದೆ. ಎರಡು ಎಳೆತಗಳೂ ಸಮನಾದರೆ ಸೂಜಿ ಸರಿಯಾಗಿ ನಡುವೆ, ಅಂದರೆ 45 ಡಿಗ್ರಿಯಲ್ಲಿ ನಿಲ್ಲುತ್ತದೆ. ಈ ಸುರುಳಿಯಲ್ಲಿ 0.1 ಆಂಪಿಯರ್ ವಿದ್ಯುತ್ತು ಹರಿದರೆ ಅದರ ನಡುವಿನ ಕಾಂತಕ್ಷೇತ್ರ ಸುಮಾರು 39 ಸಾವಿರ ನ್ಯಾನೋಟೆಸ್ಲಾ. ನಿಮ್ಮ ಸೀಮೆಯಲ್ಲಿ ಭೂಕಾಂತಕ್ಷೇತ್ರದ ನೆಲಕ್ಕೆ ಸಮಾಂತರವಾದ ಭಾಗವೂ ಹೆಚ್ಚುಕಡಿಮೆ ಅಷ್ಟೇ! ಹಾಗಾದರೆ ನಿಮ್ಮ ಸುರುಳಿ ಒಂದು ತಕ್ಕಡಿಯಾಯಿತು. ಒಂದು ಕಡೆ ಐವತ್ತು ಸುತ್ತು ತಂತಿ, ಇನ್ನೊಂದು ಕಡೆ ಇಡೀ ಭೂಮಿ.

ಇಲ್ಲಿ ಕೆಲವರು ಒಂದು ಪ್ರಶ್ನೆ ಕೇಳಬಹುದು. “ಮೊಬೈಲ್ ಫೋನಿನಲ್ಲೇ ಕಾಂತಮಾಪಕ ಇರುತ್ತದೆ. ಗುಂಡಿ ಒತ್ತಿದರೆ ಅಂಕಿ ಬರುತ್ತದೆ. ಇಷ್ಟು ಕಷ್ಟ ಯಾಕೆ?” ಪ್ರಶ್ನೆ ಸರಿಯಾದದ್ದೇ. ಅನೇಕ ಫೋನುಗಳಲ್ಲಿ ಅಂಥ ಪುಟ್ಟ ಸಂವೇದಕ ಇರುವುದು ನಿಜ. ಆದರೆ ಫೋನು ಅಂಕಿಯನ್ನು ಕೊಡುತ್ತದೆ, ಅದು ಹೇಗೆ ಬಂತೆಂಬುದನ್ನು ತೋರಿಸುವುದಿಲ್ಲ. ಅಂಕಿ ತಪ್ಪಾಗಿದ್ದರೂ ನಮಗೆ ತಿಳಿಯುವುದಿಲ್ಲ. ನೀವೇ ಸುತ್ತಿದ ಸುರುಳಿಯಲ್ಲಿ ಹಾಗಲ್ಲ. ಸೂಜಿ 30 ಡಿಗ್ರಿಗೇ ನಿಂತರೆ ನೀವು ಕಾರಣ ಹುಡುಕುತ್ತೀರಿ. ಸೆಲ್ಲು ಹಳತಾಗಿದೆಯೇ? ತುದಿ ಸರಿಯಾಗಿ ಉಜ್ಜಿಲ್ಲವೇ? ಎಣಿಕೆ ತಪ್ಪಿತೇ? ಮೇಜಿನ ಕೆಳಗೆ ಕಬ್ಬಿಣದ ಮೊಳೆ ಇದೆಯೇ? ಹೀಗೆ ಹುಡುಕುವುದೇ ವಿಜ್ಞಾನ.

“ಮನೆಯಲ್ಲಿ ಮಾಡಿದ್ದು ನಿಖರವಾಗಿರುವುದಿಲ್ಲ” ಎನ್ನುವವರೂ ಇದ್ದಾರೆ. ನಿಜ, ದೊಡ್ಡ ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ. ಆದರೆ ನಿಮಗೆ ಬರುವ ತೊಂದರೆಯೇ ದೊಡ್ಡವರಿಗೂ ಬಂದಿದೆ. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಭೂಕಾಂತವನ್ನು ಅಳೆಯುತ್ತಿದ್ದರು. ಮುಂದೆ ನಗರದಲ್ಲಿ ವಿದ್ಯುತ್ ಟ್ರಾಮುಗಳನ್ನು ಓಡಿಸುವ ಯೋಜನೆ ಬಂತು. ಟ್ರಾಮಿನ ವಿದ್ಯುತ್ತು ಅಳತೆಯನ್ನು ಕೆಡಿಸುತ್ತದೆ. ಆದ್ದರಿಂದ ನಿರ್ದೇಶಕ ಮೂಸ್ ಅವರ ಕಾಲದಲ್ಲಿ, 1904ರಲ್ಲಿ, ಈ ಕೆಲಸಕ್ಕಾಗಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ತೆರೆದರು. ಕಾಂತಕ್ಕೆ ಸ್ಪಂದಿಸದ ಸಾಮಗ್ರಿಯಿಂದಲೇ ಅದನ್ನು ಕಟ್ಟಿದರು.

ಇನ್ನೊಂದು ಉದಾಹರಣೆ ನಮ್ಮ ನಾಡಿನದೇ. 2023ರ ಸೆಪ್ಟೆಂಬರ್ 2ರಂದು ಇಸ್ರೋ ಹಾರಿಸಿದ ಆದಿತ್ಯ-ಎಲ್1 ನೌಕೆಯ ಕಾಂತಮಾಪಕವನ್ನು ಮಾಡಿದ್ದು ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ. ಅದರ ಸಂವೇದಕಗಳಲ್ಲೂ ಇರುವುದು ತಂತಿಯ ಸುರುಳಿಗಳೇ. ಒಂದು ಸುರುಳಿ ತನ್ನೊಳಗಿನ ತಿರುಳನ್ನು ಕ್ಷಣಕ್ಷಣಕ್ಕೂ ಅತ್ತ ಇತ್ತ ಕಾಂತಗೊಳಿಸುತ್ತದೆ. ಹೊರಗಿನ ಕಾಂತಕ್ಷೇತ್ರ ಈ ಆಟದ ಸಮತೋಲವನ್ನು ಕೆಡಿಸಿದಾಗ ಇನ್ನೊಂದು ಸುರುಳಿ ಅದನ್ನು ಗುರುತಿಸುತ್ತದೆ. ಆದರೆ ನೌಕೆಯ ಯಂತ್ರಗಳಿಗೂ ಸ್ವಂತ ಕಾಂತಕ್ಷೇತ್ರ ಇರುತ್ತದೆಯಲ್ಲ! ಅದರಿಂದ ದೂರವಿರಲೆಂದು ಆರು ಮೀಟರ್ ಉದ್ದದ ತೋಳನ್ನು 2024ರ ಜನವರಿ 11ರಂದು ಬಿಚ್ಚಿದರು. ಒಂದು ಸಂವೇದಕ ಮೂರು ಮೀಟರ್ ದೂರದಲ್ಲಿದೆ, ಇನ್ನೊಂದು ಆರು ಮೀಟರ್ ದೂರದಲ್ಲಿದೆ. ಎರಡನ್ನೂ ಹೋಲಿಸಿದರೆ ನೌಕೆಯ ಪಾಲು ಎಷ್ಟೆಂದು ತಿಳಿಯುತ್ತದೆ. ನೀವು ಮೇಜಿನ ಮೊಳೆಯನ್ನು ಹುಡುಕಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಆದ್ದರಿಂದ ನನ್ನ ಸಲಹೆ ಇಷ್ಟು. ನಾಲ್ಕೂ ತಾಲ್ಲೂಕುಗಳ ಶಾಲೆಗಳು ಗುರುಗಳ ನೆರವಿನಿಂದ ಒಂದೇ ಅಳತೆಯ ಸುರುಳಿ ಮಾಡಲಿ. ಒಂದೇ ದಿನ, ಒಂದೇ ಹೊತ್ತಿಗೆ ಅಳೆಯಲಿ. ತಗಡಿನ ಚಾವಣಿ, ಕಬ್ಬಿಣದ ಬೆಂಚು, ಮಗ್ಗ, ಟ್ರ್ಯಾಕ್ಟರುಗಳಿಂದ ದೂರ, ಬಯಲಿನಲ್ಲಿ ಅಳೆಯಲಿ. ಸೆಲ್ಲಿನ ತುದಿಗಳನ್ನು ಅದಲು ಬದಲು ಮಾಡಿ, ಎರಡು ಬದಿಯ ಕೋನಗಳ ಸರಾಸರಿ ತೆಗೆಯಲಿ. ಅಳೆದ ಕೂಡಲೇ ತಂತಿ ಬಿಚ್ಚಲಿ, ಇಲ್ಲವಾದರೆ ಸೆಲ್ಲು ಬೇಗ ಸೋಲುತ್ತದೆ. ನಿಮ್ಮ ಊರುಗಳು ಹತ್ತಿರ ಹತ್ತಿರ ಇರುವುದರಿಂದ ಎಲ್ಲರ ಉತ್ತರವೂ ಬಹುತೇಕ ಒಂದೇ ಬರಬೇಕು.

ಒಂದು ಶಾಲೆಯ ಉತ್ತರ ಮಾತ್ರ ಬೇರೆ ಬಂದರೆ? ಆಗ ಪಕ್ಕದ ಶಾಲೆಯ ಅಂಕಿ ನೋಡಿ ತಿದ್ದಿ ಬರೆಯುವ ಆಸೆ ಬರುತ್ತದೆ. ಖಂಡಿತ ತಿದ್ದಬೇಡಿ. ಬಂದದ್ದನ್ನು ಬಂದ ಹಾಗೆ ಬರೆಯಿರಿ, ಪಕ್ಕದಲ್ಲಿ ದಿನ, ಹೊತ್ತು, ಸ್ಥಳ ಬರೆಯಿರಿ. ಆಮೇಲೆ ಕಾರಣ ಹುಡುಕಿ. ತಿದ್ದಿದ ಅಂಕಿಯಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ಬೇರೆಯಾಗಿ ಬಂದ ಅಂಕಿಯ ಹಿಂದೆ ಏನೋ ಒಂದು ಕಾರಣ ಇದ್ದೇ ಇರುತ್ತದೆ. ಅದು ನೆಲದಲ್ಲಿ ಹೂತ ಕಬ್ಬಿಣದ ಪೈಪೇ ಆಗಿರಬಹುದು. ಅದನ್ನು ಕಂಡುಹಿಡಿದವರು ನೀವೇ ಆಗುತ್ತೀರಿ.

ಬೀಗ ಹಾಕಿದ ಕಪಾಟಿನಲ್ಲಿ ಹೊಳೆಯುವ ಉಪಕರಣಕ್ಕಿಂತ ನೀವು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ ಸುರುಳಿ ಹೆಚ್ಚು ಕಲಿಸುತ್ತದೆ. ಈ ವಾರವೇ ಗುರುಗಳನ್ನು ಕೇಳಿ, ಕೆಲಸ ಪ್ರಾರಂಭಿಸಿ.