ಗೀಸರಿಗೆ ಯಾರು ಪುಡಿ ಹಾಕಿದ್ದರು?

ವಾಷಿಂಗ್ ಮಷಿನ್ನಿನ ಹೀಟರ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಸರ್ವಿಸ್ ಹುಡುಗ ಕೇಳಿದ: ‘ಪುಡಿ ಹಾಕ್ತೀರಾ ಆಂಟಿ?’ ಅಮ್ಮ ಹೌದು ಎಂದರು. ‘ಅದಕ್ಕೇ ಹಿಂಗಾಗಿರೋದು. ಫ್ರಂಟ್ ಲೋಡ್‌ಗೆ ಲಿಕ್ವಿಡ್ಡೇ ಹಾಕ್ಬೇಕು.’ ಹೀಟರಿನ ಮೇಲೆ ಬಿಳಿ ಪೊರೆ ಗಟ್ಟಿಯಾಗಿ ಕೂತಿತ್ತು. ಅಮ್ಮನ ಮುಖ ಸಣ್ಣದಾಯಿತು. ಸಾಲ ಮಾಡಿ ತಂದ ಮಷಿನ್ನು ತನ್ನಿಂದಲೇ ಕೆಟ್ಟಿತಲ್ಲ ಎಂಬ ಸಂಕಟ. ಹುಡುಗ ಒಂದು ಬಾಟಲಿ ಲಿಕ್ವಿಡ್ಡು, ಡ್ರಮ್ ಶುಚಿ ಮಾಡುವ ಒಂದು ಪೊಟ್ಟಣ ಮಾರಿ, ಬಿಲ್ ಕೊಟ್ಟು ಹೋದ. ಪೊಟ್ಟಣ ಒಡೆದು ನೋಡಿದರೆ ಒಳಗಿದ್ದದ್ದು ಪುಡಿ!

ಅವತ್ತು ನಾನು ಉದುರಿದ್ದ ಬಿಳಿ ಚೂರಿನ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದೆ. ಗುಳ್ಳೆ ಎದ್ದಿತು. ಅದು ಸುಣ್ಣದ ಅಂಶ. ನಮ್ಮ ಮನೆಯ ಟೀ ಪಾತ್ರೆಯಲ್ಲಿ, ಬಕೆಟ್ಟಿನ ಅಂಚಿನಲ್ಲಿ, ನಲ್ಲಿಯ ಮೂತಿಯಲ್ಲಿ ಇರುವುದೂ ಇದೇ ಪೊರೆ. ಎರಡು ವರ್ಷಕ್ಕೊಮ್ಮೆ ಸುಟ್ಟುಹೋಗುವ ಗೀಸರಿನ ಕಾಯಿಲಿನ ಮೇಲೂ ಇದೇ. ಆ ಗೀಸರಿಗೆ ಯಾರು ಪುಡಿ ಹಾಕಿದ್ದರು?

ಪುಡಿ ಹಾಕಿದರೆ ಹೊಸ ಮಷಿನ್ ಹಾಳು ಎನ್ನುವ ಮಾತು ಈಗ ಜಿಲ್ಲೆಯ ಪ್ರತಿ ಷೋರೂಮಿನಲ್ಲೂ ಕೇಳುತ್ತದೆ. ಇದು ಅರ್ಧ ಸುಳ್ಳು, ಮತ್ತು ಲಾಭದ ಸುಳ್ಳು. ಅದರಲ್ಲಿರುವ ನಿಜವನ್ನು ಮೊದಲು ಹೇಳಿಬಿಡುತ್ತೇನೆ. ಫ್ರಂಟ್ ಲೋಡ್ ಮಷಿನ್ನು ಕಡಿಮೆ ನೀರಿನಲ್ಲಿ ಒಗೆಯುತ್ತದೆ. ಡ್ರಮ್ ತಿರುಗುವಾಗ ಬಟ್ಟೆ ಮೇಲೆ ಹೋಗಿ ಕೆಳಗೆ ಬಿದ್ದು, ಆ ಬಡಿತದಲ್ಲೇ ಕೊಳೆ ಬಿಡಬೇಕು. ಕೈಯಲ್ಲಿ ಒಗೆಯುವ ಪುಡಿ ಹಾಕಿದರೆ ನೊರೆ ಡ್ರಮ್ ತುಂಬಿ ಬಟ್ಟೆಗೆ ಹಾಸಿಗೆಯಾಗುತ್ತದೆ; ಬಡಿತವೇ ಬೀಳುವುದಿಲ್ಲ. ಎಷ್ಟೋ ಮಷಿನ್ನುಗಳು ನೊರೆ ಗುರುತಿಸಿ ಇನ್ನೊಂದು ಸಲ, ಮತ್ತೊಂದು ಸಲ ಜಾಲಾಡಲು ಶುರು ಮಾಡುತ್ತವೆ. ನೀರು, ಕರೆಂಟು ಎರಡೂ ದಂಡ. ಬಕೆಟ್ಟಿನ ಪುಡಿ ಬಕೆಟ್ಟಿಗೇ ಸರಿ.

ಆದರೆ ಕಡಿಮೆ ನೊರೆಯ ಪುಡಿಯೇ ಬೇರೆ ಇದೆ. ಫ್ರಂಟ್ ಲೋಡ್ ಮಷಿನ್ನಿಗೆಂದೇ ಮಾಡಿದ ಮ್ಯಾಟಿಕ್ ಪುಡಿ ನಮ್ಮ ಹೋಬಳಿ ಅಂಗಡಿಯಲ್ಲೂ ಸಿಗುತ್ತದೆ. ಅಮೆರಿಕದಲ್ಲಿ ಇಂಥ ಮಷಿನ್ನಿಗೆ ಹೊಂದುವ ಸರಕಿನ ಮೇಲೆ ‘ಎಚ್ಇ’ ಗುರುತು ಇರುತ್ತದೆ; ಆ ಗುರುತು ಲಿಕ್ವಿಡ್ಡಿನ ಮೇಲೂ ಇದೆ, ಪುಡಿಯ ಮೇಲೂ ಇದೆ. ನೋಡಬೇಕಾದದ್ದು ನೊರೆ ಎಷ್ಟು ಅನ್ನುವುದನ್ನು, ಪುಡಿಯೋ ನೀರೋ ಅನ್ನುವುದನ್ನಲ್ಲ.

ಪುಡಿಯಲ್ಲಿ ಇರುವ ಒಂದು ಗುಣ ಲಿಕ್ವಿಡ್ಡಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಒಳ್ಳೆಯ ಪುಡಿಗಳಲ್ಲಿ ಆಮ್ಲಜನಕ ಬಿಡುವ ಬ್ಲೀಚು ಸೇರಿರುತ್ತದೆ. ನೀರಿಗೆ ಬಿದ್ದಾಗ ಅದು ಕೆಲಸ ಶುರು ಮಾಡುತ್ತದೆ. ಬಾಟಲಿಯ ದ್ರವದೊಳಗೆ ಅದು ತಿಂಗಳುಗಟ್ಟಲೆ ಉಳಿಯುವುದು ಕಷ್ಟ, ಹಾಗಾಗಿ ಬಿಟ್ಟಿರುತ್ತಾರೆ. ಹೊಲದಿಂದ ಬಂದ ಬಿಳಿ ಪಂಚೆ, ಮಕ್ಕಳ ಶಾಲೆಯ ಅಂಗಿ, ಸಾರು ಚೆಲ್ಲಿದ ಟವೆಲ್ಲಿಗೆ ಬಿಸಿನೀರಿನ ಜೊತೆ ಪುಡಿಯೇ ಮೇಲು. ತಣ್ಣೀರಿನಲ್ಲಿ ಹದಿನೈದು ನಿಮಿಷ ಒಗೆಯುವವರಿಗೆ ಪುಡಿ ಪೂರ್ತಿ ಕರಗುವುದಿಲ್ಲ, ಅವರು ಲಿಕ್ವಿಡ್ ಹಾಕಲಿ. ಬಣ್ಣದ ರೇಷ್ಮೆಗೂ ಲಿಕ್ವಿಡ್ಡೇ ಸರಿ. ಇಷ್ಟು ಹೇಳಲು ಷೋರೂಮಿನವನಿಗೆ ಎರಡು ನಿಮಿಷ ಸಾಕು. ಹೇಳುವುದಿಲ್ಲ.

ಹಾಗಾದರೆ ಮಷಿನ್ ಕೆಡಿಸುತ್ತಿರುವುದು ಏನು? ನೀರು. ಕುಡಿಯುವ ನೀರಿಗೆ ಬಿಐಎಸ್ ಹಾಕಿರುವ ಮಿತಿಯಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಂಥ ಜಿಲ್ಲೆಯಲ್ಲಿ ನಾವು ಬದುಕುತ್ತಿರುವುದು ಆಳದ ಬೋರ್‌ವೆಲ್ಲಿನ ಮೇಲೆ. ಗಡಸು ನೀರಿನಲ್ಲಿ ಡಿಟರ್ಜೆಂಟಿನ ಒಂದು ಪಾಲು ಕ್ಯಾಲ್ಸಿಯಂ ಜೊತೆ ಸೇರಿ ವ್ಯರ್ಥವಾಗುತ್ತದೆ, ನೊರೆ ಏಳುವುದಿಲ್ಲ. ಹೆಂಗಸರು ಇನ್ನೊಂದು ಚಮಚ ಸುರಿಯುತ್ತಾರೆ. ಅಗ್ಗದ ಪುಡಿಯಲ್ಲಿ ವಾಷಿಂಗ್ ಸೋಡಾ ಜಾಸ್ತಿ. ಅದು ನೀರಿನ ಸುಣ್ಣವನ್ನು ಹೊರಗೆಳೆದು ಬಟ್ಟೆಗೆ, ಡ್ರಮ್ಮಿಗೆ ಅಂಟಿಸುತ್ತದೆ. ಇದು ಪುಡಿಯ ಪಾಲಿನ ತಪ್ಪು, ಒಪ್ಪುತ್ತೇನೆ. ಆದರೆ ನೀರು ಕಾದಾಗ ಹೀಟರಿನ ಮೇಲೆ ಸುಣ್ಣ ಕೂರುವುದು ಲಿಕ್ವಿಡ್ ಹಾಕಿದರೂ ನಿಲ್ಲುವುದಿಲ್ಲ.

ಯೂರೋಪಿನಲ್ಲಿ ಡಿಟರ್ಜೆಂಟ್ ಪ್ಯಾಕೆಟ್ಟಿನ ಮೇಲೆ ಮೃದು, ಮಧ್ಯಮ, ಗಡಸು ನೀರಿಗೆ ಬೇರೆ ಬೇರೆ ಅಳತೆ ಮುದ್ರಿಸುತ್ತಾರೆ. ನಮ್ಮ ಮನೆಯಲ್ಲಿರುವ ಪ್ಯಾಕೆಟ್ಟು ತಿರುಗಿಸಿ ಮುರುಗಿಸಿ ನೋಡಿದೆ. ನಟಿಯ ನಗು ಇದೆ, ಆಫರ್ ಇದೆ. ನೀರಿನ ಮಾತಿಲ್ಲ, ಕನ್ನಡದ ಒಂದು ಸಾಲಿಲ್ಲ. ಎಂಟನೇ ಕ್ಲಾಸು ಓದಿದ ಅಮ್ಮ ಇಂಗ್ಲಿಷ್ ಮ್ಯಾನ್ಯುಯಲ್ ಓದಲಿಲ್ಲ ಅನ್ನುವುದು ಅಮ್ಮನ ತಪ್ಪಂತೆ!

ಅಳತೆ ತಪ್ಪಿ ಸುರಿದ ಡಿಟರ್ಜೆಂಟ್ ಎಲ್ಲಿಗೆ ಹೋಗುತ್ತದೆ ಎಂದು ಕೋಲಾರದವರಿಗೆ ಹೇಳಬೇಕಿಲ್ಲ. 2018ರಲ್ಲಿ ಬೆಂಗಳೂರಿನ ಕೊಳಚೆ ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗೆ ಬಿಟ್ಟಾಗ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟಿಗೂ ಹೋಯಿತು. ಯಮುನೆಯ ನೊರೆಯ ಕಾರಣಕ್ಕೆ ದೆಹಲಿಯಲ್ಲಿ 2021ರಲ್ಲಿ ಬಿಐಎಸ್ ಮಾನದಂಡಕ್ಕೆ ಹೊಂದದ ಡಿಟರ್ಜೆಂಟ್ ಮಾರಾಟಕ್ಕೇ ನಿಷೇಧ ಹಾಕಿದರು. ಅಂದರೆ ಸರ್ಕಾರಗಳಿಗೆ ದಾರಿ ಗೊತ್ತಿಲ್ಲದೆ ಇಲ್ಲ. ಪ್ಯಾಕೆಟ್ಟಿನ ಮೇಲೆ ಕನ್ನಡದಲ್ಲಿ ಅಳತೆ, ನೀರಿನ ಗಡಸುತನಕ್ಕೆ ತಕ್ಕ ಅಳತೆ, ಒಳಗೆ ಫಾಸ್ಫೇಟ್ ಇದೆಯೇ ಇಲ್ಲವೇ ಎಂಬ ಒಂದು ಸಾಲು: ಈ ಮೂರನ್ನು ಕಡ್ಡಾಯ ಮಾಡಲು ಕಂಪನಿಗೆ ತಗಲುವುದು ಇಷ್ಟೇ ಇಷ್ಟು ಶಾಯಿ.

ಅಲ್ಲಿಯವರೆಗೆ ಕಾಯಬೇಡಿ. ಜಲಜೀವನ್ ಮಿಷನ್ನಿನಲ್ಲಿ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಪ್ರತಿ ಹಳ್ಳಿಯಲ್ಲಿ ಐದು ಜನ ಹೆಣ್ಣುಮಕ್ಕಳಿಗೆ ತರಬೇತಿ ಕೊಡಬೇಕು ಎಂದಿದೆ. ಗಡಸುತನವೂ ಅದರಲ್ಲಿ ಗೊತ್ತಾಗುತ್ತದೆ. ಕಿಟ್ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಫಲಿತಾಂಶವನ್ನು ಗೋಡೆಗೆ ಅಂಟಿಸಲು ಹೇಳಿ. ಮ್ಯಾಟಿಕ್ ಪುಡಿಯನ್ನು ಅಳತೆಯ ಚಮಚದಲ್ಲೇ ಹಾಕಿ, ಅಂದಾಜಿನ ಮುಷ್ಟಿಯಲ್ಲಿ ಅಲ್ಲ. ಪೊರೆ ತೆಗೆಯುವ ದುಬಾರಿ ಪೊಟ್ಟಣಗಳಲ್ಲಿ ಹಲವು ಸಿಟ್ರಿಕ್ ಆಮ್ಲದವು. ಕಿರಾಣಿ ಅಂಗಡಿಯಲ್ಲಿ ಅದಕ್ಕೆ ನಿಂಬೆ ಉಪ್ಪು ಅನ್ನುತ್ತಾರೆ.

ಅಮ್ಮ ಈಗ ಮತ್ತೆ ಪುಡಿಯೇ ಹಾಕುತ್ತಿದ್ದಾರೆ, ಚಮಚದಲ್ಲಿ ಅಳೆದು. ಮುಂದಿನ ಸಲ ಸರ್ವಿಸ್ ಹುಡುಗ ಬಂದರೆ ಅವನನ್ನು ಮೊದಲು ಗೀಸರಿನ ಹತ್ತಿರ ಕರೆದುಕೊಂಡು ಹೋಗುತ್ತಾರಂತೆ.