ತಪ್ಪೆಂದು ಗೆರೆ ಎಳೆಯುವವರು ಯಾರು?

ಇಮೇಲಿನಲ್ಲಿ ‘ಮನೆಯಲ್ಲಿದ್ದವರಿಗೂ ತಿಳಿಸಿ’ ಎಂದು ಬರೆದು ನೋಡಿ. ಕನ್ನಡದ ಸ್ಪೆಲ್ ಚೆಕ್ಕರ್ ಹಾಕಿಕೊಂಡಿದ್ದರೂ ಮೊದಲ ಪದದ ಕೆಳಗೆ ಕೆಂಪು ಗೆರೆ ಬೀಳುವ ಸಂಭವವೇ ಹೆಚ್ಚು. ಅದಕ್ಕೆ ‘ಮನೆ’ ಗೊತ್ತು, ‘ಮನೆಯಲ್ಲಿ’ಯೂ ಗೊತ್ತಿರಬಹುದು. ಪ್ರತ್ಯಯದ ಮೇಲೆ ಪ್ರತ್ಯಯ ಏರಿಸುತ್ತಾ ಹೋಗುವ ಭಾಷೆಯನ್ನು ಬರಿಯ ಪದಪಟ್ಟಿ ಹಿಡಿದು ಅಳೆಯಹೊರಟರೆ ಇನ್ನೇನಾದೀತು?

ಕನ್ನಡದ ಜಾಯಮಾನವೇ ಕಂಪ್ಯೂಟರಿಗೆ ಒಗ್ಗದು ಎನ್ನುವವರಿದ್ದಾರೆ. ಶುದ್ಧ ನೆಪ. ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದೊಳಗಿರುವ ಹನ್‌ಸ್ಪೆಲ್ ಹುಟ್ಟಿದ್ದೇ ಹಂಗೇರಿಯನ್ ಭಾಷೆಗಾಗಿ; ಅದೂ ನಮ್ಮಂತೆಯೇ ಪ್ರತ್ಯಯಗಳನ್ನು ಪೋಣಿಸುವ ಭಾಷೆ. ಹನ್‌ಸ್ಪೆಲ್‌ಗೆ ಎರಡು ಕಡತ ಬೇಕು: ಒಂದರಲ್ಲಿ ಪದಗಳು, ಇನ್ನೊಂದರಲ್ಲಿ ಪ್ರತ್ಯಯ ಸೇರುವ ನಿಯಮಗಳು. ಆ ಎರಡನೆಯದನ್ನು ಬರೆಯಬೇಕಾದವರು ವ್ಯಾಕರಣ ಬಲ್ಲವರು. ಕೇಶಿರಾಜ 13ನೆಯ ಶತಮಾನದಲ್ಲೇ ಸಂಧಿ, ವಿಭಕ್ತಿಗಳಿಗೆ ಸೂತ್ರ ಕಟ್ಟಿದ. ಆ ಸೂತ್ರಗಳಿಗೆ ಇನ್ನೊಂದು ವ್ಯಾಖ್ಯಾನ ಬರೆದರೆ ಕನ್ನಡ ವಿಭಾಗದಲ್ಲಿ ಪಿಎಚ್‌ಡಿ ಸಿಗುತ್ತದೆ. ಇಂದಿನ ಕನ್ನಡಕ್ಕೆ ಅಂಥ ನಿಯಮಪಟ್ಟಿ ಮಾಡುತ್ತೇನೆಂದರೆ ‘ಅದು ಇಂಜಿನಿಯರುಗಳ ಕೆಲಸವಪ್ಪಾ’ ಎಂಬ ಉತ್ತರ ಸಿಗುತ್ತದೆ. ಇಂಜಿನಿಯರು ‘ಇದು ಕನ್ನಡದವರ ಕೆಲಸ’ ಎನ್ನುತ್ತಾನೆ.

ಆಡುಮಾತಿನ ರೂಪಗಳ ಪಾಡಂತೂ ಕೇಳುವುದೇ ಬೇಡ. ಗೆಳತಿಗೆ ‘ಊರಿಗೆ ಹೊಂಟೀನಿ’ ಎಂದು ಬರೆಯುವ ಧಾರವಾಡದ ಹುಡುಗಿಗೆ ಯಂತ್ರ ದಿನವೂ ತಪ್ಪು, ತಪ್ಪು ಎನ್ನುತ್ತದೆ. ಮಾಸ್ತರರಾಗಿದ್ದರೆ ವಾದಿಸಬಹುದಿತ್ತು. ಕೊನೆಗೆ ಆಕೆ ಗೆಳತಿಗೂ ಇಂಗ್ಲಿಷಿನಲ್ಲೇ ಬರೆಯತೊಡಗುತ್ತಾಳೆ. ಅಲ್ಲಿ ಗೆರೆ ಬಿದ್ದರೆ ಸರಿಯಾದ ಪದವೂ ಪಕ್ಕದಲ್ಲೇ ಸಿಗುತ್ತದಲ್ಲ.